ಇಳಿಯದೆ ಹೋದ ವಿಮಾನ



ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ವಿಕ್ರೋಳಿಯ ಕನ್ನಂವಾರ್ ನಗರದಿಂದ ಹಿರಿಯರೊಬ್ಬರು ಕರೆ ಮಾಡಿದ್ದರು. ಹಾಡು ಕೇಳುವುದಕ್ಕಲ್ಲ, ದೂರು ಹೇಳುವುದಕ್ಕೆ. ಹಿಂದಿನ ದಿನ ಮಂಗಳೂರಿನಿಂದ ಬರುವಾಗ ಅವರಿದ್ದ ವಿಮಾನ ಇನ್ನೇನು ನೆಲ ಮುಟ್ಟಿತು ಅನ್ನುವಾಗ ಗುಡುಗಿನಂಥ ಸದ್ದು ಮಾಡಿ ಮತ್ತೆ ಮೇಲಕ್ಕೆ ಎದ್ದಿತಂತೆ. ಆಮೇಲೆ ಇಪ್ಪತ್ತೈದು ನಿಮಿಷ ಮೋಡದೊಳಗೆ ಸುತ್ತು. "ಅಲ್ಲ ಮಾರಾಯ್ರೆ, ಚಕ್ರ ತಾಗುವಷ್ಟು ಹತ್ತಿರ ಬಂದು ತಿರುಗಿ ಮೇಲೆ ಹೋಗೂದಾ? ಆ ಪೈಲಟಿಗೆ ಧೈರ್ಯ ಸಾಲದಾ, ಅನುಭವ ಸಾಲದಾ?" ಅಂತ ಅವರ ಪ್ರಶ್ನೆ. ನಾನು ಏನೋ ಎರಡು ಮಾತು ಹೇಳಿ, ಒಂದು ಹಾಡು ಹಾಕಿ ಕೈತೊಳೆದುಕೊಂಡೆ.

ರಾತ್ರಿ ಲೋಕಲ್ ಹಿಡಿದು ವಿಕ್ರೋಳಿಯಲ್ಲಿ ಇಳಿದು ಪಾರ್ಕ್‌ಸೈಟಿನ ಏರು ಹತ್ತುವಾಗ ಆ ಪ್ರಶ್ನೆ ಮತ್ತೆ ಕಾಡಿತು. ಯಾಕೆಂದರೆ ಅದಕ್ಕೆ ಉತ್ತರ ಬೇರೆಲ್ಲೂ ಇಲ್ಲ, ನಮ್ಮ ಮನೆಯ ಹಿಂದಿನ ಗುಡ್ಡದ ಸಾಲಿನಲ್ಲೇ ಇದೆ. ಅಂದು ಹೇಳದೆ ಉಳಿದದ್ದನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ಆಕಾಶದ ದಾರಿ ತಿಳಿದುಕೊಳ್ಳೋಣ. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯಬೇಕು. ಹಾಗಾಗಿ ಅವು ಪೂರ್ವದಿಂದ, ಥಾಣೆ ಖಾಡಿಯನ್ನು ದಾಟಿ, ಘಾಟ್‌ಕೋಪರ್ ಮೇಲಿಂದ ಸಾಂತಾಕ್ರೂಜ್ ನಿಲ್ದಾಣದತ್ತ ಬರುತ್ತವೆ. ನಮ್ಮ ವಿಕ್ರೋಳಿ ಆ ಗೆರೆಗೆ ಉತ್ತರಕ್ಕೆ ಎರಡು-ಮೂರು ಕಿಲೋಮೀಟರ್ ಅಷ್ಟೇ. ಪಾರ್ಕ್‌ಸೈಟಿನ ಎತ್ತರದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಒಂದರ ಹಿಂದೊಂದು ದೀಪ, ಅಂಗಳದಲ್ಲಿ ಮಾಲೆ ಕಟ್ಟಿದ ಹಾಗೆ. ಮೋಡ ಕವಿದ ದಿನ ದೀಪ ಕಾಣುವುದಿಲ್ಲ, ಸದ್ದು ಮಾತ್ರ. ನೆಲದ ಮೇಲಿರುವ ನಮಗೆ ವಿಮಾನ ಕಾಣದಿದ್ದರೆ ವಿಮಾನದಲ್ಲಿರುವವರಿಗೆ ನಾವೂ ಕಾಣುವುದಿಲ್ಲ. ಇದು ಎಷ್ಟು ಸರಳವಾದ ಮಾತೋ, ಇದಕ್ಕೆ ತೆತ್ತ ಬೆಲೆ ಅಷ್ಟೇ ದೊಡ್ಡದು.

ಮುಂಬಯಿಯ ಮಳೆಗೂ ವಿಮಾನಕ್ಕೂ ಮೊದಲಿನಿಂದಲೂ ಆಗಿಬಂದಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಜುಹುವಿಗೆ ಬಂದಿಳಿದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಮದ್ರಾಸಿಗೆ ಒಯ್ದರು. ನಡುವಿನ ನಿಲುಗಡೆ ಯಾವುದು ಗೊತ್ತೇ? ನಮ್ಮ ಬಳ್ಳಾರಿ! ಟಾಟಾದವರ ವಿಮಾನ ಅಂಚೆಯ ಮೊದಲ ದಾರಿಯಲ್ಲೇ ಒಂದು ಕನ್ನಡದ ಊರು ಇತ್ತು ಅನ್ನುವುದು ನಮಗೆಲ್ಲ ಖುಷಿಯ ಸಂಗತಿ. ಅದಿರಲಿ. ಆ ಕಾಲದ ಜುಹು ಅಂದರೆ ಸಮುದ್ರದಂಚಿನ ಬಯಲು. ಮಳೆ ಹಿಡಿದರೆ ಕೆಸರುಗದ್ದೆ. ಟಾಟಾದವರು ಆಗ ಏನು ಮಾಡುತ್ತಿದ್ದರು ಅಂದರೆ, ಮಳೆಗಾಲ ಬಂತೆಂದರೆ ಸಂಸಾರವನ್ನೇ ಪುಣೆಗೆ ಸಾಗಿಸುತ್ತಿದ್ದರು. ಇಳಿಯುವುದೋ ಬಿಡುವುದೋ ಎಂಬ ತೀರ್ಮಾನ ಆಕಾಶದಲ್ಲಿ ಅಲ್ಲ, ಜೂನ್ ತಿಂಗಳ ಕ್ಯಾಲೆಂಡರಿನಲ್ಲೇ ಆಗಿಬಿಡುತ್ತಿತ್ತು.

ಆದರೆ ಪ್ರಪಂಚ ಹಾಗೆ ಕಾಯಲು ತಯಾರಿರಲಿಲ್ಲ. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡಿನಲ್ಲಿ ಜಿಮ್ಮಿ ಡೂಲಿಟ್ಲ್ ಎಂಬ ಸೇನಾ ಪೈಲಟ್ ತಾನು ಕೂತ ಜಾಗಕ್ಕೆ ಪೂರ್ತಿ ಮುಸುಕು ಹಾಕಿಸಿಕೊಂಡು, ಹೊರಗೆ ಏನೂ ಕಾಣದೆ, ಬರೀ ಉಪಕರಣಗಳನ್ನು ನೋಡಿ ಮೇಲೇರಿ, ಒಂದು ಸುತ್ತು ಹಾಕಿ, ಕೆಳಗಿಳಿದ. ಕಾಲು ಗಂಟೆಯ ಹಾರಾಟ. ಕುರುಡಾಗಿಯೂ ಇಳಿಯಬಹುದು ಅನ್ನುವುದು ಅಂದು ಸಾಬೀತಾಯಿತು.

ಇಲ್ಲಿ ರೇಡಿಯೋದವರಾದ ನಮಗೆ ಹೆಮ್ಮೆಪಡುವ ವಿಷಯವೊಂದಿದೆ. ಕುರುಡು ಹಾರಾಟಕ್ಕೆ ಕಣ್ಣಾದದ್ದು ರೇಡಿಯೋ. ಮೊದಮೊದಲು ಅದು ಕಣ್ಣೂ ಅಲ್ಲ, ಕಿವಿ. ನೆಲದಿಂದ ಎರಡು ಮೋರ್ಸ್ ಸಂಕೇತಗಳನ್ನು ಬಿಡುತ್ತಿದ್ದರು. ದಾರಿಯ ಒಂದು ಮಗ್ಗುಲಲ್ಲಿ ಚುಕ್ಕೆ-ಗೆರೆ, ಇನ್ನೊಂದು ಮಗ್ಗುಲಲ್ಲಿ ಗೆರೆ-ಚುಕ್ಕೆ. ಪೈಲಟ್ ಸರಿಯಾದ ದಾರಿಯಲ್ಲಿದ್ದರೆ ಎರಡೂ ಬೆರೆತು ಒಂದೇ ಸಮನೆ ಶ್ರುತಿಯಂತೆ ಕೇಳುತ್ತಿತ್ತು. ತಪ್ಪಿದರೆ ಶ್ರುತಿ ಒಡೆಯುತ್ತಿತ್ತು. ಅಂದರೆ ಆಗಿನ ಪೈಲಟ್ ನಿಮ್ಮ ಹಾಗೆಯೇ ಒಬ್ಬ ಕೇಳುಗ!

ಆ ಶ್ರುತಿ ಹೇಳುತ್ತಿದ್ದುದು ನೀನು ದಾರಿಯಲ್ಲಿದ್ದೀಯ ಅಂತ ಮಾತ್ರ. ಎಷ್ಟು ಎತ್ತರದಲ್ಲಿದ್ದೀಯ, ಮುಂದೆ ಗುಡ್ಡ ಇದೆಯೇ ಅನ್ನುವುದನ್ನು ಹೇಳುತ್ತಿರಲಿಲ್ಲ. ನಿಲ್ದಾಣದ ಹತ್ತಿರ ಬಂದ ಮೇಲೆ ನಿಧಾನವಾಗಿ ಮೋಡದಿಂದ ಕೆಳಗಿಳಿದು, ನೆಲ ಕಂಡ ಮೇಲೆ ಕಣ್ಣಳತೆಯಲ್ಲಿ ಇಳಿಯುವುದು ಎಷ್ಟೋ ಕಡೆ ರೂಢಿಯಾಗಿತ್ತು. ಇನ್ನೂ ಸ್ವಲ್ಪ ಇಳಿದರೆ ಕಾಣಬಹುದು, ಇನ್ನೂ ಸ್ವಲ್ಪ... ಆ "ಇನ್ನೂ ಸ್ವಲ್ಪ" ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಬಹುಮಟ್ಟಿಗೆ ಪೈಲಟ್‌ನ ಎದೆಗಾರಿಕೆಗೇ ಬಿಟ್ಟಿದ್ದರು.

ಈಗ ನಮ್ಮ ಗುಡ್ಡಕ್ಕೆ ಬರುತ್ತೇನೆ.

1949ರ ಜುಲೈ 12. ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬುವುದರಲ್ಲಿತ್ತು. ಅಂದಿನ ವಿಕ್ರೋಳಿ ಅಂದರೆ ಪೂರ್ವಕ್ಕೆ ಕಾಂಡ್ಲಾ ಗಿಡ, ಉಪ್ಪಿನ ಆಗರ. ಪಶ್ಚಿಮಕ್ಕೆ ಕುರುಚಲು ಗುಡ್ಡ. ಗೋದ್ರೆಜ್‌ನವರು ಜಮೀನು ಕೊಂಡಿದ್ದರು. ಮೊದಲ ಮಹಾಚುನಾವಣೆಯ ಮತಪೆಟ್ಟಿಗೆಗಳನ್ನು ಇಲ್ಲಿ ಮಾಡುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ಯುದ್ಧಕಾಲದಲ್ಲಿ ವಾಯುಪಡೆಯ ನೆಲೆಯಾಗಿದ್ದ ಸಾಂತಾಕ್ರೂಜ್, ಜುಹುವಿನ ಬದಲಿಗೆ ನಗರದ ದೊಡ್ಡ ನಿಲ್ದಾಣವಾಗಿತ್ತು. ಆ ದಿನ ದೆಹಲಿ ಕಡೆಯಿಂದ ಡಚ್ ಕಂಪನಿ ಕೆ.ಎಲ್.ಎಂ.ನ ಒಂದು ಕಾನ್‌ಸ್ಟಲೇಷನ್ ವಿಮಾನ ಬಂತು. ಹೆಸರು 'ಫ್ರಾನೆಕರ್'. ನಾಲ್ಕು ಎಂಜಿನ್, ಮೀನಿನಂಥ ಮೈ, ಆ ಕಾಲದ ಅತ್ಯಂತ ಚೆಂದದ ವಿಮಾನಗಳಲ್ಲಿ ಒಂದು. ಮಳೆ ಸುರಿಯುತ್ತಿತ್ತು, ಮೋಡ ಗುಡ್ಡದ ನೆತ್ತಿಗಿಂತ ಕೆಳಗೆ ಇಳಿದಿತ್ತು. ಇಳಿಯಲು ಪ್ರಯತ್ನಿಸುತ್ತ ಬಂದ ವಿಮಾನ ಘಾಟ್‌ಕೋಪರಿನ ಗುಡ್ಡಕ್ಕೆ ಬಡಿಯಿತು. ಏಳುನೂರು ಅಡಿಯೂ ಇಲ್ಲದ ಗುಡ್ಡ. ಒಳಗಿದ್ದ 45 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅವರಲ್ಲಿ 13 ಮಂದಿ ಅಮೆರಿಕದ ಪತ್ರಕರ್ತರು. ಡಚ್ಚರಿಗೂ ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರಿಗೂ ನಡೆಯುತ್ತಿದ್ದ ಜಗಳವನ್ನು ಕಣ್ಣಾರೆ ಕಂಡು ಊರಿಗೆ ಹಿಂದಿರುಗುತ್ತಿದ್ದರು. ಪುಲಿಟ್ಜರ್ ಪ್ರಶಸ್ತಿ ಪಡೆದವರೇ ಇಬ್ಬರಿದ್ದರು. ಒಬ್ಬರು ಬರ್ಟನ್ ಹೀತ್. ಇನ್ನೊಬ್ಬರು ಎಚ್.ಆರ್. ನಿಕರ್‌ಬಾಕರ್, ಸ್ಟಾಲಿನ್‌ನ ತಾಯಿಯನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿ ಬಂದವರು, ಹಿಟ್ಲರನ ಜರ್ಮನಿಯನ್ನು ಹತ್ತಿರದಿಂದ ಬರೆದವರು. ಕೊನೆಯ ದಿನಗಳಲ್ಲಿ ಅವರು ರೇಡಿಯೋಗೆ ಕೆಲಸ ಮಾಡುತ್ತಿದ್ದರು. ಎಲ್ಸಿ ಡಿಕ್ ಎಂಬ ಹೆಣ್ಣುಮಗಳೂ ಇದ್ದರು, ಮ್ಯೂಚುಯಲ್ ಬ್ರಾಡ್‌ಕಾಸ್ಟಿಂಗ್ ಎಂಬ ರೇಡಿಯೋ ಸಂಸ್ಥೆಯವರು. ಸಾವಿರಾರು ಮೈಲಿ ದೂರದ ರೇಡಿಯೋದವರು ಬಂದು ನಮ್ಮ ಮನೆಯ ಹಿಂದಿನ ಗುಡ್ಡದ ಸಾಲಿನಲ್ಲಿ ಕೊನೆಯಾದರು ಅನ್ನುವುದನ್ನು ಮೊದಲ ಬಾರಿ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೈಕಿನ ಮುಂದೆ ಕೂರುವವರಿಗೆ ಎಲ್ಲ ಊರಿನ ಮೈಕಿನವರೂ ನೆಂಟರೇ.

ಈಗ ಆ ಗುಡ್ಡಗಳ ಮೈತುಂಬ ಚಾಳುಗಳು. ವಿಮಾನ ಬಿದ್ದು ಐವತ್ತೊಂದು ವರ್ಷಕ್ಕೆ, ಅದೇ ಜುಲೈ 12ರಂದು, 2000ದಲ್ಲಿ, ಘಾಟ್‌ಕೋಪರಿನ ಆಜಾದ್ ನಗರದ ಮೇಲೆ ಗುಡ್ಡ ಕುಸಿದು ಹತ್ತಾರು ಮನೆ ಮಣ್ಣುಪಾಲಾದವು. ಜನಕ್ಕೆ ನೆನಪಿರುವುದು ಆ ಜುಲೈ 12. ಹಳೆಯದು ಮಣ್ಣಿನಡಿಯ ಮಣ್ಣು.

ಈಗ ನಮ್ಮ ಹಿರಿಯ ಕೇಳುಗರ ಪ್ರಶ್ನೆ: ಧೈರ್ಯ, ಅನುಭವ. ಫ್ರಾನೆಕರ್‌ಗಿಂತ ಒಂಬತ್ತು ತಿಂಗಳು ಹಿಂದೆ, 1948ರ ಅಕ್ಟೋಬರ್ 20ರಂದು, ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು ವಿಮಾನ ಸ್ಕಾಟ್‌ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಇಳಿಯಲು ಹೋಗಿ, ಕೆಳಗಿಳಿದ ಮೋಡದಲ್ಲಿ ಹೈ-ಟೆನ್ಷನ್ ತಂತಿಗೆ ಸಿಕ್ಕಿ ಉರಿದುಹೋಯಿತು. 40 ಜನ ಸತ್ತರು. ಅದನ್ನು ಹಾರಿಸುತ್ತಿದ್ದವರು ಯಾರು? ಕೋನೆ ಡಿರ್ಕ್ ಪಾರ್ಮೆಂಟಿಯರ್. 1934ರ ಲಂಡನ್-ಮೆಲ್ಬರ್ನ್ ವಿಮಾನ ಸ್ಪರ್ಧೆಯಲ್ಲಿ, ಪ್ರಯಾಣಿಕರನ್ನು ಕೂರಿಸಿಕೊಂಡೇ, ರೇಸಿಗೆಂದೇ ಕಟ್ಟಿದ ವಿಮಾನಗಳ ನಡುವೆ ಎರಡನೆಯವನಾಗಿ ಮುಟ್ಟಿದ ಜಗತ್ಪ್ರಸಿದ್ಧ ಪೈಲಟ್. ಅವರಿಗೆ ಧೈರ್ಯ ಇರಲಿಲ್ಲವೇ, ಅನುಭವ ಇರಲಿಲ್ಲವೇ? ಇದ್ದದ್ದೆಲ್ಲ ಇತ್ತು. ಕೈಯಲ್ಲಿದ್ದ ನಕ್ಷೆಯಲ್ಲಿ ನೆಲದ ಎತ್ತರವೇ ತಪ್ಪಾಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಕಾಣದ ಕಡೆ ಧೈರ್ಯವಂತನಿಗೂ ಹೆದರುಪುಕ್ಕಲನಿಗೂ ವ್ಯತ್ಯಾಸವಿಲ್ಲ.

ಕಂಡರೂ ಕಷ್ಟವೇ! ಮುಂಬಯಿಯಲ್ಲಿ ಅರ್ಧಂಬರ್ಧ ಕಾಣುವುದು ಇನ್ನೂ ಅಪಾಯ. ಜುಹು ಮತ್ತು ಸಾಂತಾಕ್ರೂಜ್ ನಡುವೆ ನಾಲ್ಕೇ ಕಿಲೋಮೀಟರಿನಷ್ಟು ಅಂತರ. ಎರಡೂ ಕಡೆಯ ರನ್‌ವೇ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿವೆ. 1953ರ ಜುಲೈ 15ರಂದು ಬ್ರಿಟನ್ನಿನ ಬಿ.ಒ.ಎ.ಸಿ. ಕಂಪನಿಯ ಕಾಮೆಟ್ ಜೆಟ್ ಸಾಂತಾಕ್ರೂಜ್ ಅಂದುಕೊಂಡು ಜುಹುವಿನ ಪುಟ್ಟ ರನ್‌ವೇಯಲ್ಲಿ ಇಳಿದುಬಿಟ್ಟಿತು. ಅದನ್ನು ಅಲ್ಲಿಂದ ಹಾರಿಸಿಕೊಂಡು ಹೋಗಲು ಒಂಬತ್ತು ದಿನ ಬೇಕಾಯಿತು. ಇದಾಗಿ ಹತ್ತೊಂಬತ್ತು ವರ್ಷಕ್ಕೆ, 1972ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಮಸುಕು ಹವೆಯಲ್ಲಿ ಅದೇ ತಪ್ಪು ಮಾಡಿತು. ರನ್‌ವೇ ಸಾಲದೆ ಆಚೆ ನುಗ್ಗಿ ಮುರಿದುಬಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಡೂಲಿಟ್ಲ್ ಮುಸುಕು ಹಾಕಿಕೊಂಡು ಸರಿಯಾದ ಜಾಗಕ್ಕೆ ಇಳಿದದ್ದೂ ಸೆಪ್ಟೆಂಬರ್ 24. ಇವರು ಕಣ್ಣು ಬಿಟ್ಟುಕೊಂಡು ತಪ್ಪು ಜಾಗಕ್ಕೆ ಇಳಿದದ್ದೂ ಸೆಪ್ಟೆಂಬರ್ 24!

ಇವೆಲ್ಲ ನಡೆಯುತ್ತಿದ್ದ ಹಾಗೆಯೇ ಐ.ಎಲ್.ಎಸ್. ಅನ್ನುವ ವ್ಯವಸ್ಥೆ ಲೋಕದ ದೊಡ್ಡ ನಿಲ್ದಾಣಗಳಿಗೆ ಒಂದೊಂದಾಗಿ ಬಂತು. ಅದರ ಕೆಲಸ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ನಿಮ್ಮ ಎಫ್.ಎಂ. ರೇಡಿಯೋದ ಮುಳ್ಳನ್ನು ಕೊನೆಯವರೆಗೆ ತಿರುಗಿಸಿ. 108ರಲ್ಲಿ ನಮ್ಮ ಲೋಕ ಮುಗಿಯುತ್ತದೆ. ಅಲ್ಲಿಂದಾಚೆ, 108ರಿಂದ 112 ಮೆಗಾಹರ್ಟ್ಸ್‌ನ ನಡುವೆ, ಪೈಲಟ್‌ಗಳ ದಾರಿದೀಪ ಇದೆ. ನಮ್ಮ ಹಾಡು ಮುಗಿಯುವ ಬೇಲಿಯ ಆಚೆಯೇ ಅವರ ಶ್ರುತಿ. ರನ್‌ವೇಯ ಆ ತುದಿಯಲ್ಲಿರುವ ಆಂಟೆನಾ ಎರಡು ಸ್ವರಗಳನ್ನು ಹೊರಡಿಸುತ್ತದೆ. ಎಡಮಗ್ಗುಲಲ್ಲಿ 90 ಹರ್ಟ್ಸ್‌ನದು ಜೋರು, ಬಲಮಗ್ಗುಲಲ್ಲಿ 150 ಹರ್ಟ್ಸ್‌ನದು. ಎರಡೂ ಗಂಡಸಿನ ಮಾತಿನ ದನಿಯ ಆಸುಪಾಸಿನ ಸ್ವರಗಳು. ಎರಡೂ ಸಮ ಇದ್ದರೆ ವಿಮಾನ ನಡುಗೆರೆಯಲ್ಲಿದೆ ಅಂತ ಅರ್ಥ. ಇದೇ ಉಪಾಯವನ್ನು ಇನ್ನೊಂದು ಆಂಟೆನಾದಿಂದ ಮೇಲೆ-ಕೆಳಗೆ ಅಳೆಯುವುದಕ್ಕೂ ಬಳಸುತ್ತಾರೆ. ಕಿವಿಯ ಕೆಲಸವನ್ನು ಈಗ ಯಂತ್ರ ಮಾಡಿ, ಮುಳ್ಳಿನಲ್ಲಿ ತೋರಿಸುತ್ತದೆ. ಆಕಾಶದಿಂದ ರನ್‌ವೇಗೆ ಕಣ್ಣಿಗೆ ಕಾಣದ ಒಂದು ಜಾರುಬಂಡೆ ಹಾಸಿದ ಹಾಗೆ, ಇಳಿಜಾರು ಸುಮಾರು ಮೂರು ಡಿಗ್ರಿ.

ಹಾಗಾದರೆ ತೊಂದರೆ ತೀರಿತಲ್ಲ ಅನ್ನುತ್ತೀರಾ? ಇಲ್ಲ. ಜಾರುಬಂಡೆಯ ಕೊನೆಯ ತುಂಡನ್ನು ಕಣ್ಣಿನಿಂದಲೇ ಮುಗಿಸಬೇಕು. ಅದಕ್ಕೇ 'ಡಿಸಿಷನ್ ಹೈಟ್', ತೀರ್ಮಾನದ ಎತ್ತರ ಅಂತ ಒಂದು ಗೆರೆ ಎಳೆದರು. ಸಾಮಾನ್ಯ ದರ್ಜೆಯ ಐ.ಎಲ್.ಎಸ್.ನಲ್ಲಿ ಅದು ರನ್‌ವೇಯಿಂದ 200 ಅಡಿ ಮೇಲೆ, ಜೊತೆಗೆ ರನ್‌ವೇ ಉದ್ದಕ್ಕೆ ಕನಿಷ್ಠ 550 ಮೀಟರ್ ಕಾಣುವಂತಿರಬೇಕು. ಆ ಎತ್ತರಕ್ಕೆ ಬಂದ ಕ್ಷಣದಲ್ಲಿ ರನ್‌ವೇ ದೀಪಗಳು ಕಂಡರೆ ಇಳಿ. ಕಾಣದಿದ್ದರೆ ಮೇಲೇಳು. ಇನ್ನೂ ಸ್ವಲ್ಪ ನೋಡೋಣ ಅನ್ನುವುದಕ್ಕೆ ಜಾಗವಿಲ್ಲ. ಫ್ರಾನೆಕರ್ ಕಾಲದ ಆ "ಇನ್ನೂ ಸ್ವಲ್ಪ"ವನ್ನು ಪೈಲಟ್‌ನ ಕೈಯಿಂದ ಕಿತ್ತುಕೊಂಡು ಒಂದು ಸಂಖ್ಯೆಯ ಕೈಗೆ ಕೊಟ್ಟರು. ನನ್ನ ಮಟ್ಟಿಗೆ, ಐ.ಎಲ್.ಎಸ್. ಯಂತ್ರಕ್ಕಿಂತ ದೊಡ್ಡ ಶೋಧ ಈ ಗೆರೆ.

ನಮ್ಮ ಗುಡ್ಡದಿಂದಲೇ ಲೆಕ್ಕ ಹಾಕಿ ನೋಡೋಣ. ಘಾಟ್‌ಕೋಪರ್ ಸ್ಟೇಷನ್ನಿನ ಸುತ್ತಮುತ್ತ ವಿಮಾನ ಬಂದಾಗ ರನ್‌ವೇ ಅಂಚಿಗೆ ಇನ್ನು ಮೂರು ಕಿಲೋಮೀಟರಿನಷ್ಟು ದೂರ. ಮೂರು ಡಿಗ್ರಿಯ ಇಳಿಜಾರಿನಲ್ಲಿ ಅಲ್ಲಿ ಅದರ ಎತ್ತರ ಐನೂರು ಅಡಿ ಮೇಲೆ ಸ್ವಲ್ಪ. ಅಂದರೆ ಫ್ರಾನೆಕರ್ ಬಡಿದ ಗುಡ್ಡದ ನೆತ್ತಿಗಿಂತ ತಗ್ಗು! ಗುಡ್ಡ ಮಗ್ಗುಲಿಗಿದೆ, ಗೆರೆ ತಪ್ಪದಿದ್ದರೆ ಭಯವಿಲ್ಲ. ಅಲ್ಲಿಂದ ತೀರ್ಮಾನದ ಎತ್ತರಕ್ಕೆ ಅರ್ಧ ನಿಮಿಷದಷ್ಟು. ತೀರ್ಮಾನದ ಎತ್ತರದಿಂದ ನೆಲಕ್ಕೆ ಹದಿನೈದು-ಹದಿನಾರು ಸೆಕೆಂಡು. ವಿಕ್ರೋಳಿ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ನಿಲ್ಲುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಉಪಕರಣದ ಮೇಲಿದ್ದ ಕಣ್ಣನ್ನು ಎತ್ತಿ, ಮಳೆನೀರು ಹರಿಯುವ ಗಾಜಿನಾಚೆ ದೀಪ ಹುಡುಕಿ, ಅದು ರನ್‌ವೇಯದೋ ರಸ್ತೆಯದೋ ಗುರುತಿಸಿ, ಗಾಳಿ ತಳ್ಳುತ್ತಿರುವುದನ್ನು ಸರಿಪಡಿಸಿ ಇಳಿಯಬೇಕು. ಇನ್ನೊಂದು ಮೋಸವೂ ಇದೆ: ಗಾಜಿನ ಮೇಲಿನ ಮಳೆನೀರು ಬೆಳಕನ್ನು ಬಾಗಿಸಿ, ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಆ ಭ್ರಮೆ ನಂಬಿ ಇಳಿಸಿದರೆ ನೆಲ ಬೇಗ ಸಿಗುತ್ತದೆ.

1982ರ ಜೂನ್‌ನಲ್ಲಿ ಸಾಂತಾಕ್ರೂಜ್‌ನಲ್ಲಿ ನೆಲ ಬೇಗ ಸಿಕ್ಕಿತ್ತು. ಕ್ವಾಲಾಲಂಪುರದಿಂದ ಮದ್ರಾಸ್ ಮಾರ್ಗವಾಗಿ ಬಂದ ಏರ್ ಇಂಡಿಯಾದ ಬೋಯಿಂಗ್ 707, ಹೆಸರು 'ಗೌರಿಶಂಕರ್'. ಕತ್ತಲು, ಜಡಿಮಳೆ. ತನಿಖೆಯ ಪ್ರಕಾರ, ನೆಲಕ್ಕೆ ಬಡಿಯುವ 12 ಸೆಕೆಂಡು ಮೊದಲು ಎಂಜಿನ್ ಶಕ್ತಿಯನ್ನು ಇಳಿಸಲಾಗಿತ್ತು, ವಿಮಾನ ಎಷ್ಟು ಎತ್ತರದಲ್ಲಿದೆ ಎಂಬ ಅರಿವು ತಪ್ಪಿಹೋಗಿತ್ತು. ವಿಮಾನ ನೆಲಕ್ಕೆ ಕುಕ್ಕಿತು. 111 ಜನರಲ್ಲಿ 17 ಮಂದಿ ತೀರಿಕೊಂಡರು. ಮೇಲೇಳುವ ಪ್ರಯತ್ನ ನಡೆಯಿತು, ಆದರೆ ಅದು ಕುಕ್ಕಿದ ಮೇಲೆ. ತಡವಾದ ತೀರ್ಮಾನ ತೀರ್ಮಾನವೇ ಅಲ್ಲ.

ಇನ್ನು ನಮ್ಮ ಊರ ಕಡೆಯ ಕಥೆ. ಮುಂಬಯಿಯ ಕನ್ನಡಿಗರು, ತುಳುವರು ಯಾರೂ ಮರೆಯದ ದಿನ, 2010ರ ಮೇ 22. ಆಗ ನಾನು ಬಿ.ಎ. ಓದುತ್ತಿದ್ದೆ, ರಜೆ. ಬೆಳಿಗ್ಗೆಯಿಂದ ಟಿ.ವಿ. ಮುಂದೆ ಮನೆಮಂದಿಯೆಲ್ಲ ನಿಂತೇ ಇದ್ದೆವು, ಕೂರಲು ಯಾರಿಗೂ ತೋಚಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ತಲೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು.

ಆ ದಿನ ಮಳೆ ಇರಲಿಲ್ಲ, ಮಂಜು ಇರಲಿಲ್ಲ. ಆರು ಕಿಲೋಮೀಟರ್ ದೂರ ಕಾಣುತ್ತಿತ್ತು. ಐ.ಎಲ್.ಎಸ್. ಇತ್ತು. ಆದರೆ ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿತ್ತು, ಹೆಚ್ಚುಕಡಿಮೆ ದುಪ್ಪಟ್ಟು. ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿದ್ದು ಇಷ್ಟು: ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಇಳಿಯುವಾಗ ಪಕ್ಕದಲ್ಲಿದ್ದ ಸಹ-ಪೈಲಟ್ ಗೋ ಅರೌಂಡ್, ಮೇಲೇಳೋಣ ಅಂತ ಮೂರು ಸಲ ಹೇಳಿದರು, ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು, ಆದರೂ ಕ್ಯಾಪ್ಟನ್ ಇಳಿಸಿಯೇ ಇಳಿಸಿದರು. 8,000 ಅಡಿಯ ರನ್‌ವೇಯಲ್ಲಿ ಚಕ್ರ ತಾಗಿದ್ದು 5,200 ಅಡಿ ಕಳೆದ ಮೇಲೆ. ನನ್ನನ್ನು ಇಂದಿಗೂ ಚುಚ್ಚುವ ವಿವರ ಒಂದಿದೆ. ರನ್‌ವೇ ದಾಟಿದ ವಿಮಾನದ ರೆಕ್ಕೆ ಬಡಿದದ್ದು ಯಾವುದಕ್ಕೆ ಗೊತ್ತೇ? ಐ.ಎಲ್.ಎಸ್. ಆಂಟೆನಾವನ್ನು ಹೊತ್ತು ನಿಂತಿದ್ದ ಕಾಂಕ್ರೀಟ್ ಕಟ್ಟೆಗೆ. ದಾರಿ ತೋರಿಸುವ ರೇಡಿಯೋ ದಾರಿ ತೋರಿಸುತ್ತಲೇ ಇತ್ತು.

ಮನೆ ಕಂಡ ಎತ್ತಿನ ಓಟ ಅಂತ ನಮ್ಮ ಹಳ್ಳಿ ಕಡೆ ಹೇಳುತ್ತಾರಲ್ಲ, ಹಾಗೆ. ದೂರದಿಂದ ಬಂದ ದಣಿವು, ಎದುರಿಗೇ ರನ್‌ವೇ, ಹಿಂದೆ ಊರಿಗೆ ಹಂಬಲಿಸಿ ಕೂತ ಜನ. ಮೇಲೆದ್ದರೆ ಇಂಧನ ಖರ್ಚು, ತಡ, ವರದಿ ಬರೆಯಬೇಕು, ಮೇಲಿನವರಿಗೆ ಉತ್ತರಿಸಬೇಕು. ಒಂದು ಕಾಲಕ್ಕೆ ಗೋ ಅರೌಂಡ್ ಅಂದರೆ ಪೈಲಟ್‌ಗೆ ಕಪ್ಪುಚುಕ್ಕೆ ಇದ್ದ ಹಾಗಿತ್ತು. ಹಿರಿಯ ಕ್ಯಾಪ್ಟನ್ ಪಕ್ಕ ಕೂತ ಕಿರಿಯ "ಬೇಡ ಸರ್" ಅನ್ನುವುದು ನಮ್ಮ ಕಡೆಯ ಯಾವ ಆಫೀಸಿನಲ್ಲಿ ಸುಲಭ ಹೇಳಿ? ಬಜ್ಪೆಯ ಆ ಸಹ-ಪೈಲಟ್ ಒಂದಲ್ಲ, ಮೂರು ಸಲ ಹೇಳಿದ್ದರು ಅನ್ನುವುದನ್ನು ನಾವು ನೆನಪಿಡಬೇಕು.

ಹತ್ತು ವರ್ಷಕ್ಕೆ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನ ಅಂಥದೇ ಗುಡ್ಡದ ರನ್‌ವೇಯಲ್ಲಿ ಅದೇ ಕಂಪನಿಯ ಇನ್ನೊಂದು ವಿಮಾನ. ಈ ಸಲ ನಿಜವಾಗಿಯೂ ಜೋರು ಮಳೆ. ಮೊದಲ ಪ್ರಯತ್ನದಲ್ಲಿ ಪೈಲಟ್‌ಗಳು ಸರಿಯಾಗಿಯೇ ಮೇಲೆದ್ದರು. ಕ್ಯಾಪ್ಟನ್ ಮುಂದಿನ ಗಾಜಿನ ವೈಪರ್ ಕೈಕೊಟ್ಟಿತ್ತು. ಎರಡನೆಯ ಸಲ ಇನ್ನೊಂದು ತುದಿಯಿಂದ, ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂದರು. ರನ್‌ವೇ ಅರ್ಧ ಕಳೆದ ಮೇಲೆ ಚಕ್ರ ತಾಗಿತು. ಅಲ್ಲೂ ಸಹ-ಪೈಲಟ್ ಗೋ ಅರೌಂಡ್ ಅಂದಿದ್ದರು ಎಂದು ತನಿಖೆ ದಾಖಲಿಸಿದೆ. 190 ಜನರಲ್ಲಿ 21 ಮಂದಿ ಹೋದರು, ಇಬ್ಬರು ಪೈಲಟ್‌ಗಳೂ ಸೇರಿ. ಒಮ್ಮೆ ಸರಿಯಾಗಿ ತೀರ್ಮಾನಿಸಿದವರು ಎರಡನೆಯ ಸಲವೂ ಸರಿಯಾಗಿಯೇ ತೀರ್ಮಾನಿಸುತ್ತಾರೆ ಅನ್ನುವ ಖಾತರಿ ಇಲ್ಲ. ಯಾಕೆಂದರೆ ಎರಡನೆಯ ಸಲಕ್ಕೆ ಆತುರ ಇಮ್ಮಡಿ.

ಹಾಗೆಂದು ಮೇಲೇಳುತ್ತಲೇ ಇದ್ದರೂ ಆಗುವುದಿಲ್ಲ. 2015ರ ಆಗಸ್ಟ್ 18ರಂದು ದೋಹಾದಿಂದ ಕೊಚ್ಚಿಗೆ ಬಂದ ಜೆಟ್ ಏರ್‌ವೇಸ್ ವಿಮಾನ, ಆ ಕಂಪನಿ ಈಗ ಇಲ್ಲ, ಕೊಚ್ಚಿಯಲ್ಲಿ ಮೂರು ಸಲ ಪ್ರಯತ್ನಿಸಿ ಮೇಲೆದ್ದಿತು. ಅಷ್ಟರಲ್ಲಿ ದೂರ ಹೋಗುವಷ್ಟು ಇಂಧನ ಉಳಿದಿರಲಿಲ್ಲ. ಹತ್ತಿರದ ತಿರುವನಂತಪುರಕ್ಕೆ ಹೋದರೆ ಅಲ್ಲೂ ಏನೂ ಕಾಣುತ್ತಿಲ್ಲ. ಒಟ್ಟು ಏಳನೆಯ ಪ್ರಯತ್ನದಲ್ಲಿ, ಅಪಾಯದ ಕರೆ ಕೊಟ್ಟು, ಕಂಡೂ ಕಾಣದ ರನ್‌ವೇಗೆ ಇಳಿದರು. ಇಳಿಯುವಾಗ ಅರ್ಧ ಗಂಟೆಯ ಇಂಧನ ಉಳಿದಿರಬೇಕು ಅನ್ನುವುದು ನಿಯಮ. ಉಳಿದದ್ದು ಕೆಲವೇ ನಿಮಿಷದ್ದು. 150 ಜನ ಬದುಕಿದರು. ಇದನ್ನು ಸಾಹಸ ಅಂತ ಹೊಗಳಿದವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೇರೆ ಊರಿಗೆ ಹೋಗುವ ತೀರ್ಮಾನ ಕೊಚ್ಚಿಯಲ್ಲೇ, ಒಂದು ಸುತ್ತು ಮೊದಲೇ ಆಗಬೇಕಿತ್ತು. ಸೀಟಿನಲ್ಲಿ ಕೂತ ನಮಗೆ "ಇನ್ನೊಂದು ಸಲ ನೋಡಬಹುದಿತ್ತಲ್ಲ" ಅನಿಸುವ ವೇಳೆಗೆ ಕಾಕ್‌ಪಿಟ್ಟಿನಲ್ಲಿ ಇಂಧನದ ಕಾಟಾ ಓಡುತ್ತಿರುತ್ತದೆ.

ಈಚಿನ ವರ್ಷಗಳಲ್ಲಿ ತಂತ್ರ ಬಹಳ ಮುಂದುವರಿದಿದೆ. ವಿಮಾನ ತಾನಾಗಿಯೇ ಇಳಿಯುವುದನ್ನು ಇಂಗ್ಲೆಂಡಿನಲ್ಲಿ 1965ರಲ್ಲೇ ಪ್ರಯಾಣಿಕರಿದ್ದಾಗ ಮಾಡಿ ತೋರಿಸಿದರು. ದೆಹಲಿಯ ಮಂಜಿನಲ್ಲಿ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಚಳಿಗಾಲದ ಬೆಳಗುಗಳಲ್ಲಿ, ಮೇಲ್ದರ್ಜೆಯ ಐ.ಎಲ್.ಎಸ್. ಹಿಡಿದು ಹೆಚ್ಚು ಕಾಣದೆಯೂ ಇಳಿಯುವ ಏರ್ಪಾಡಿದೆ. ಅದಕ್ಕೆ ವಿಮಾನವೂ, ರನ್‌ವೇಯೂ, ಇಬ್ಬರು ಪೈಲಟ್‌ಗಳೂ ಆ ದರ್ಜೆಗೆ ಪಾಸಾಗಿರಬೇಕು. ಒಂದು ತಪ್ಪಿದರೂ ಮೊದಲಿನ ಲೆಕ್ಕವೇ. ನೆಲ ಹತ್ತಿರವಾದರೆ ಕೂಗಿ ಹೇಳುವ ಯಂತ್ರವೂ ಬಂದಿದೆ. ಅದು ಫ್ರಾನೆಕರ್‌ನಲ್ಲಿ ಇದ್ದಿದ್ದರೆ ಅಂತ ಅನಿಸುತ್ತದೆ. ಆಮೇಲೆ ಬಜ್ಪೆ ನೆನಪಾಗುತ್ತದೆ. ಅಲ್ಲಿ ಅದು ಇತ್ತು.

ಮೊನ್ನೆ ಕನ್ನಂವಾರ್ ನಗರದ ಅದೇ ಹಿರಿಯರು ಮತ್ತೆ ಕರೆ ಮಾಡಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಲೈನಿನಲ್ಲೇ ಇರಿ ಅಂದು, ಈ ಕಥೆಯನ್ನು ಚಿಕ್ಕದು ಮಾಡಿ ಹೇಳಿದೆ. ಘಾಟ್‌ಕೋಪರ್ ಗುಡ್ಡ ಅಂದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನನ್ನ ಮಗಳ ಮನೆ ಆ ಗುಡ್ಡದ ಬುಡದಲ್ಲೇ ಮಾರಾಯ್ರೆ. ಮೂವತ್ತು ವರ್ಷದಿಂದ ಹೋಗಿ ಬರ್ತಾ ಇದ್ದೇನೆ, ಯಾರೂ ಹೇಳ್ಲಿಲ್ಲ" ಅಂದರು. ಆಮೇಲೆ, "ಮುಂದಿನ ವಾರ ಪುನಃ ಊರಿಗೆ ಹೋಗ್ಲಿಕ್ಕುಂಟು. ಬರುವಾಗ ಕಿಟಕಿ ಸೀಟು ಕೇಳ್ತೇನೆ. ಬಲಬದಿಯದ್ದು. ಆ ಗುಡ್ಡ ಕಾಣ್ತದಾ ನೋಡ್ಬೇಕು."

ಮಳೆ ಇದ್ದರೆ ಕಾಣುವುದಿಲ್ಲ ಅಂದೆ.

"ಕಾಣದಿದ್ರೆ ಮೇಲೆ ಹೋಗ್ಲಿ ಬಿಡಿ, ನಾನೇನೂ ಫೋನ್ ಮಾಡೂದಿಲ್ಲ" ಅಂದರು.